ನಾಲ್ಕಾಣೆಯ ಚಾಕು

1988 ಜನವರಿ 17, ಭಾನುವಾರ

ನೂಲಿನ ಅಂಗಡಿಯವರು ಪ್ರತಿ ವರ್ಷ ಒಂದು ಡೈರಿ ಕೊಡುತ್ತಾರೆ. ಪ್ರತಿ ವರ್ಷವೂ ನನ್ನ ಹೆಂಡತಿ ಅರುಣಾ ಅದರಲ್ಲಿ ಹಾಲಿನವನ ಲೆಕ್ಕ ಬರೆದು ಮುಗಿಸುತ್ತಾಳೆ. ಈ ಸಲ ನಾನು ಬಿಟ್ಟುಕೊಡಲಿಲ್ಲ. ನನ್ನ ಚಾಕುಗಳ ವಿಷಯ ಕೇಳುವ ತಾಳ್ಮೆ ಈ ಮನೆಯಲ್ಲಿ ಯಾರಿಗೂ ಇಲ್ಲ, ಆದ್ದರಿಂದ ಇಲ್ಲಿ ಬರೆಯುತ್ತೇನೆ.

ನಲ್ಲೂರಿನ ಮುನಿತಾಯಮ್ಮ ಕಡೆಗೂ ಒಪ್ಪಿದಳು. ಅವಳು ಸಂತೆಗೆ ಹುಣಸೆಹಣ್ಣು ತರುವವಳು. ಬೀಜ ಬಿಡಿಸಲು ಅವಳ ಹತ್ತಿರ ಬೆರಳುದ್ದದ ಒಂದು ಚಾಕು ಇತ್ತು. ಸಾಣೆ ಹಿಡಿದು ಹಿಡಿದು ಅಲಗು ಸವೆದು ಸಣ್ಣ ಮೀನಿನ ಹಾಗಾಗಿದೆ. ಎಷ್ಟೋ ಸಂತೆಗಳಿಂದ ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕೇಳುತ್ತಿದ್ದೆ. ಅದು ಅವಳ ಅತ್ತೆಯದಂತೆ. ಅತ್ತೆ ಬದುಕಿರುವವರೆಗೂ ಸೊಸೆಗೆ ಮುಟ್ಟಲು ಬಿಟ್ಟಿರಲಿಲ್ಲವಂತೆ. ಇವತ್ತು, "ಕಣ್ಣು ಮಂಜಾಯ್ತು ಕಣಪ್ಪಾ, ಬೆರಳು ಕುಯ್ಕೊಂತೀನಿ, ತಗೊಂಡೋಗು" ಎಂದು ಗೋಣಿಚೀಲದ ಮೇಲೆ ಇಟ್ಟಳು.

ಕೈಗೆ ಕೊಡಲಿಲ್ಲ. ಚಾಕುವನ್ನು ಕೈಯಿಂದ ಕೈಗೆ ಕೊಡಬಾರದು, ಬಿಟ್ಟಿಯಾಗಂತೂ ಕೊಡಲೇಬಾರದು. ಹಾಗೆ ಕೊಟ್ಟರೆ ಕೊಟ್ಟವರಿಗೂ ತೆಗೆದುಕೊಂಡವರಿಗೂ ನಡುವೆ ಇರುವುದು ಕತ್ತರಿಸಿ ಹೋಗುತ್ತದೆ. ಆದ್ದರಿಂದ ಎಷ್ಟೇ ಬೇಕಾದವರಾದರೂ ಒಂದು ಕಾಸು ಈಸಿಕೊಂಡೇ ಚಾಕು ಕೊಡುವುದು ನಮ್ಮ ಕಡೆಯ ಪದ್ಧತಿ. ಮುನಿತಾಯಮ್ಮ ನಾನು ಕೊಟ್ಟ ಕಾಸನ್ನು ಕಣ್ಣಿಗೆ ಒತ್ತಿಕೊಂಡು, ಮುಂದಿನ ಸಂತೆಗೂ ಬಂದು ಮಾತಾಡಿಸು ಅಂದಳು.

1988 ಮಾರ್ಚ್ 6

ಬೈರಪ್ಪನ ಕುಲುಮೆಗೆ ಹೋಗಿ ಒಂದು ಚಾಕು ಮಾಡಲು ಹೇಳಿ ಬಂದೆ. "ಯಾರ್ ಕೈಗೆ?" ಅಂದ. ನನಗೇ ಅಂದೆ. ಕೈ ಚಾಚಲು ಹೇಳಿ, ಮಸಿ ಹತ್ತಿದ ಬೆರಳಿನಿಂದ ನನ್ನ ಅಂಗೈ ಅಳೆದ.

"ನೇಯೋರ್ ಕೈ. ಹಿಡಿ ತೆಳ್ಳಗೆ ಹಾಕ್ತೀನಿ."

ಯಾವಾಗ ಬರಲಿ ಎಂದು ಕೇಳಿದರೆ, ಆದಾಗ ಹೇಳಿ ಕಳಿಸುತ್ತೇನೆ ಎಂದು ನಕ್ಕ. ವಾಪಸು ಬರುವಾಗ ಈ ಕಾಯುವುದೇ ಎಷ್ಟು ಚೆನ್ನ ಅನ್ನಿಸಿತು. ಮನೆಗೆ ಬಂದರೆ ಕರೆಂಟು ಹೋಗಿ ನಾಲ್ಕೂ ಪವರ್‌ಲೂಮ್ ನಿಂತಿದ್ದವು. ಆದರೂ ಬೇಜಾರಾಗಲಿಲ್ಲ.

1988 ಆಗಸ್ಟ್ 14

ಮಾವನ ಮನೆಯಲ್ಲಿ ಹೊಸ ಹಾಸಿನ, ಅಂದರೆ ಮಗ್ಗಕ್ಕೆ ಹೊಸದಾಗಿ ಏರಿಸಿದ ಉದ್ದೆಳೆಗಳ, ಮೊದಲ ಸೀರೆ ಕೊಯ್ದರು. ದೊಡ್ಡಬಳ್ಳಾಪುರವೆಲ್ಲ ಪವರ್‌ಲೂಮಿನ ಸದ್ದಾದರೂ ಮಾವ ವೆಂಕಟರಮಣಪ್ಪನವರು ನಡುಮನೆಯಲ್ಲಿ ಗುಳಿಗೆ ಕಾಲು ಇಳಿಬಿಟ್ಟು ಕೈಯಿಂದ ನೇಯುವ ಗುಳಿಮಗ್ಗ ಬಿಟ್ಟಿಲ್ಲ. ಹೊಸ ಹಾಸು ಏರಿಸಿದಾಗಲೆಲ್ಲ ಮೊದಲ ಸೀರೆ ಚೌಡೇಶ್ವರಮ್ಮನಿಗೆ. ಅದನ್ನು ಮಗ್ಗದಿಂದ ಕೊಯ್ಯುವುದಕ್ಕೆಂದೇ ಒಂದು ಚಾಕು ಇದೆ. ಮಡಚುವ ಚಾಕು, ಕೊಂಬಿನ ಹಿಡಿ, ಅವರ ತಂದೆಯ ಕಾಲದ್ದು. ಬೇರೆ ಯಾವ ಕೆಲಸಕ್ಕೂ ಅದನ್ನು ಮುಟ್ಟುವುದಿಲ್ಲ. ಒಂದು ಸೀರೆ ಮುಗಿದು ಇನ್ನೊಂದು ಶುರುವಾಗುವ ನಡುವೆ ಬಿಟ್ಟ ಬರಿಯ ಎಳೆಗಳ ಮೇಲೆ ಮಾವ ಅಲಗು ಇಟ್ಟು ಒಂದು ಸಲ ಎಳೆದರು. ಸದ್ದೇ ಬರಲಿಲ್ಲ. ಎಳೆಗಳು ಆ ಕಡೆ ಈ ಕಡೆ ಮೆಲ್ಲಗೆ ಒರಗಿಕೊಂಡವು.

ನಾನು ಚಾಕು ಕೂಡಿಹಾಕಲು ಶುರು ಮಾಡಿದ್ದೇ ಮದುವೆಯಾದ ವರ್ಷ ಈ ಚಾಕುವನ್ನು ನೋಡಿದ ಮೇಲೆ. ಅದು ಸಿಗುವವರೆಗೆ ಬೇರೆಯವುಗಳಿಂದ ಸಮಾಧಾನ ಮಾಡಿಕೊಳ್ಳುತ್ತಿದ್ದೇನೆ ಎಂದರೂ ಸರಿಯೇ. ಮಾವನಿಗೆ ಗಂಡುಮಕ್ಕಳಿಲ್ಲ. ನಮ್ಮ ಧಾರೆಯ ದಿನ ನನ್ನ ಭುಜ ಹಿಡಿದು, "ನೀವೇ ಈ ಮನೆಗೆ ಮಗ" ಅಂದಿದ್ದರು. ಹಾಗಿರುವಾಗ ಅದು ಯಾರಿಗೆ ಬರುತ್ತದೆ ಎಂದು ಕೇಳುವ ಅಗತ್ಯವೇ ಇಲ್ಲ. ಆದರೂ ಇವತ್ತು ಬಾಯಿ ತಡೆಯದೆ ಕೇಳಿಬಿಟ್ಟೆ.

ಮಾವ ಚಾಕು ಮಡಚಿ ಕಣ್ಣಿಗೊತ್ತಿಕೊಂಡು ಹೇಳಿದರು: "ನನ್ ಕೈ ನಡುಗೋಕ್ ಶುರುವಾಗ್ಲಿ ರಾಜೇಂದ್ರಪ್ಪ. ಆವಾಗ ನಾನೇ ಕೇಳ್ತೀನಿ."

1990 ಮೇ 20, ಭಾನುವಾರ

ನಾದಿನಿ ಅನಿತಳ ಮದುವೆ ಮುಗಿಯಿತು. ಹುಡುಗನ ಹೆಸರು ಮುರಳಿ. ತ್ಯಾಮಗೊಂಡ್ಲು ಕಡೆಯವನು, ದಾಬಸ್‌ಪೇಟೆಯ ಒಂದು ಕಾರ್ಖಾನೆಯಲ್ಲಿ ಲೇತ್ ಕೆಲಸ. ಮಗ್ಗದ ಮುಂದೆ ಒಂದು ದಿನವೂ ಕೂತವನಲ್ಲ. ನೋಡಲು ಲಕ್ಷಣವಾಗಿದ್ದಾನೆ, ಅದನ್ನು ಇಲ್ಲವೆನ್ನುವುದಿಲ್ಲ. ಪಂಕ್ತಿಯಲ್ಲಿ ಬಡಿಸುವವರು ಕಡಿಮೆಯಾದರೆಂದು ಹೋಳಿಗೆಯ ತಟ್ಟೆ ಹಿಡಿದು ತಾನೇ ನಿಂತುಬಿಟ್ಟ. ಮದುಮಗ ಬಡಿಸುವುದನ್ನು ಎಲ್ಲಾದರೂ ಕಂಡಿದ್ದೇವೆಯೇ? ಎಲ್ಲರೂ ಅವನನ್ನು ಹೊಗಳಿದ್ದೇ ಹೊಗಳಿದ್ದು.

ಧಾರೆಯಾದ ಮೇಲೆ ಮಾವ ಅವನ ಭುಜ ಹಿಡಿದು, "ನೀವೇ ಈ ಮನೆಗೆ ಮಗ" ಅಂದರು. ಅದೇ ಮಾತು. ಕೈಯನ್ನೂ ಅದೇ ಭುಜದ ಮೇಲೆ ಇಟ್ಟಿದ್ದರು. ನನಗೆ ಊಟ ಸೇರಲಿಲ್ಲ.

1990 ಸೆಪ್ಟೆಂಬರ್ 9

ಮುರಳಿಯೂ ಅನಿತಳೂ ಮನೆಗೆ ಬಂದಿದ್ದರು. ನನ್ನ ಚಾಕುಗಳನ್ನು ನೋಡಬೇಕೆಂದು ಅವನೇ ಕೇಳಿದ. ಬೀರು ತೆಗೆದು ಒಂದೊಂದರ ಕಥೆಯನ್ನೂ ಹೇಳಿದೆ. ಮುನಿತಾಯಮ್ಮನ ಹುಣಸೆ ಚಾಕು, ಈಚಲು ಮರ ಕೆತ್ತುತ್ತಿದ್ದ ಕತ್ತಿ, ತೂಬಗೆರೆಯಲ್ಲಿ ಹಲಸು ಸೀಳುತ್ತಿದ್ದ ಮಚ್ಚು, ಬೈರಪ್ಪ ನನ್ನ ಅಂಗೈ ಅಳೆದು ಮಾಡಿಕೊಟ್ಟದ್ದು. ಅವನು ಬಾಯಿ ಬಿಟ್ಟುಕೊಂಡು ಕೇಳಿದ. ಕೇಳುವವರು ಒಬ್ಬರು ಸಿಕ್ಕಿದರಲ್ಲ ಎಂದು ನನಗೆ ಖುಷಿಯಾದದ್ದು ನಿಜ, ಸುಳ್ಳು ಯಾಕೆ ಬರೆಯಲಿ.

ಆಮೇಲೆ ಅವನು ತನ್ನ ಚೀಲದಿಂದ ಒಂದು ಚಾಕು ತೆಗೆದು ಅಡುಗೆಮನೆಯ ಕಟ್ಟೆಯ ಮೇಲಿಟ್ಟ.

"ಅಕ್ಕಾ, ಇದು ನಿಮ್ಗೆ. ಕಬ್ಬಿಣ ಕುಯ್ಯೋ ಬ್ಲೇಡು ಮೊಂಡಾದ್ರೆ ಕಾರ್ಖಾನೇಲಿ ಬಿಸಾಕ್ತಾರೆ. ಕೇಳ್ಕೊಂಡು ತಂದು ಅದ್ರಲ್ಲೇ ಮಾಡ್ದೆ. ನೀವು ಎಡಗೈಲಿ ಹೆಚ್ತೀರಲ್ಲ, ಅದಕ್ಕೆ ಆ ಕಡೆಗೇ ಸಾಣೆ ಹಿಡಿದಿದೀನಿ."

ಅರುಣಾ ಅರಿಶಿನದ ಡಬ್ಬಿಯಿಂದ ನಾಲ್ಕಾಣೆ ತಂದು ಅವನ ಕೈಗಿಟ್ಟಳು. ಅಲ್ಲೇ ಒಂದು ಈರುಳ್ಳಿ ಹೆಚ್ಚಿ ನೋಡಿದಳು. ಎಡಗೈಯಲ್ಲಿ.

ಮದುವೆಯಾಗಿ ಒಂಬತ್ತು ವರ್ಷವಾಯಿತು. ಅವಳು ಬರೆಯುವುದು ಬಲಗೈಯಲ್ಲಿ, ಉಣ್ಣುವುದು ಬಲಗೈಯಲ್ಲಿ. ಹೆಚ್ಚುವುದು ಎಡಗೈಯಲ್ಲಿ ಎಂದು ನನಗೆ ಗೊತ್ತೇ ಇರಲಿಲ್ಲ. ಮೊನ್ನೆ ಬಂದ ಅವನಿಗೆ ಹೇಗೆ ಗೊತ್ತಾಯಿತು? ಅವರು ಹೋದ ಮೇಲೆ ಕೇಳಿದೆ.

"ಗೌರಿ ಹಬ್ಬದಲ್ಲಿ ನಾನೂ ಅನಿತಾನೂ ಹುರುಳಿಕಾಯಿ, ಕುಂಬಳಕಾಯಿ ಅಂತ ಕೂತಿದ್ವಿ. ಅವ್ರು ನೀರು ಕುಡಿಯೋಕ್ ಬಂದಾಗ ನೋಡಿರ್ಬೇಕು," ಅಂದಳು. "ನೀವು ಬೀರು ಮುಂದೆ ಇದ್ರಿ."

1990 ಸೆಪ್ಟೆಂಬರ್ 10

ಹೊಟ್ಟೆಕಿಚ್ಚೇನೂ ಇಲ್ಲ. ಕಾರ್ಖಾನೆಯ ಕಸದಿಂದ ಆಯ್ದ ಕಬ್ಬಿಣದ ಪಟ್ಟಿಗೆ ಯಾರಾದರೂ ಹೊಟ್ಟೆಕಿಚ್ಚು ಪಡುತ್ತಾರೆಯೇ?

1991 ಮಾರ್ಚ್ 3

ನೂಲು ತರಲು ಬೆಂಗಳೂರಿಗೆ ಹೋಗಿದ್ದೆ. ಮಾರ್ಕೆಟ್ಟಿನ ಹಿಂದಿನ ಒಂದು ಅಂಗಡಿಯಲ್ಲಿ ಹಿತ್ತಾಳೆಯ ಹಿಡಿಯ ಒಂದು ಚಾಕು ಕಂಡಿತು. ಉತ್ತರದ ಕಡೆಯಿಂದ ಬಂದದ್ದಂತೆ. ಯಾರದ್ದೆಂದು ಕೇಳಿದರೆ ಅಂಗಡಿಯವನು, "ಬೇಕಾ ಬೇಡ್ವಾ ಹೇಳಿ ಗುರು" ಅಂದ. ಬೇಕು ಅಂದೆ. ಇದು ಮುರಳಿಯ ಹತ್ತಿರ ಇಲ್ಲ. ಅವನು ಎಷ್ಟು ಬ್ಲೇಡು ತಿಕ್ಕಿದರೂ ಹಿತ್ತಾಳೆ ಎಲ್ಲಿಂದ ತರುತ್ತಾನೆ?

1991 ಅಕ್ಟೋಬರ್ 17, ಆಯುಧಪೂಜೆ

ಮಗ್ಗಗಳನ್ನೆಲ್ಲ ಒರೆಸಿ, ಬಾಳೆಕಂದು ಕಟ್ಟಿ, ನಮ್ಮ ಪೂಜೆ ಮುಗಿಸಿ ಮಾವನ ಮನೆಗೆ ಹೋದೆವು. ಅಲ್ಲಿ ಗುಳಿಮಗ್ಗದ ಮುಂದೆ ಲಾಳಿ, ಕತ್ತರಿ, ಈಳಿಗೆಮಣೆ, ಮಧ್ಯದಲ್ಲಿ ಕೊಂಬಿನ ಹಿಡಿಯ ಚಾಕು. ಅಳಿಯಂದಿರೂ ತಮ್ಮ ಆಯುಧ ತಂದಿಡುವುದು ರೂಢಿ. ಬೇರೆ ವರ್ಷ ಒಂದೋ ಎರಡೋ ಒಯ್ಯುತ್ತಿದ್ದೆ. ಈ ವರ್ಷ ಒಂದು ಟ್ರಂಕು ತುಂಬಿಸಿಕೊಂಡು ಆಟೋದಲ್ಲಿ ಹೋದೆ. ಸಾಲಾಗಿ ಜೋಡಿಸುವ ಹೊತ್ತಿಗೆ ಮಗ್ಗವೇ ಕಾಣದ ಹಾಗಾಯಿತು. ಅತ್ತೆ ಭಾಗ್ಯಮ್ಮ, "ಅರಿಶಿನ ಕುಂಕುಮ ಇಡೋಷ್ಟ್ರಲ್ಲಿ ನನ್ ಬೆನ್ನು ಹೋಯ್ತು" ಅಂದರು.

ಮುರಳಿ ತಂದದ್ದು ಒಂದೇ. ಕಳ್ಳೆಪುರಿ ತಿನ್ನಲು ಬಂದವರೆಲ್ಲ ಬಗ್ಗಿ ಅದನ್ನೇ ನೋಡಿದರು. "ನೀನೇ ಮಾಡಿದ್ದೇನಪ್ಪಾ?" ಎಂದು ಅವನನ್ನು ಕೇಳಿದರು. ನನ್ನನ್ನು ಒಬ್ಬರು ಕೇಳಿದರು: "ಅಂಗಡಿ ಇಡ್ತೀರಾ?"

ಅವನು ಮೂರ್ಖನಲ್ಲ. ಒಂದೇ ಇಟ್ಟರೆ ಎಲ್ಲರ ಕಣ್ಣು ಅದರ ಮೇಲೇ ಬೀಳುತ್ತದೆ ಎಂದು ಲೆಕ್ಕ ಹಾಕಿಯೇ ಒಂದು ತಂದಿದ್ದಾನೆ.

1992 ಫೆಬ್ರವರಿ 23

ಮುರಳಿ ಬೈರಪ್ಪನ ಕುಲುಮೆಯಲ್ಲಿ ಕಾಣಿಸಿಕೊಂಡನಂತೆ. ಕಬ್ಬಿಣಕ್ಕೆ ಹದ ಕೊಡುವುದನ್ನು ಕಲಿಯಲು ರಜದ ದಿನ ಬಂದು ತಿದಿ ಒತ್ತಿಕೊಡುತ್ತಾನಂತೆ. ಕೇಳಿದ ಕೂಡಲೇ ಹೋದೆ. ಬೈರಪ್ಪ ಮಾಡಿಟ್ಟಿದ್ದ ಚಾಕು, ಮಚ್ಚು, ಕುಡುಗೋಲು ಎಲ್ಲವನ್ನೂ ನಾನೇ ತೆಗೆದುಕೊಳ್ಳುತ್ತೇನೆ ಅಂದೆ. ಬೈರಪ್ಪ ಸುತ್ತಿಗೆ ಕೆಳಗಿಟ್ಟ.

"ಅದ್ರಲ್ಲಿ ಒಂದು ಕುರಿ ಕಾಯೋರ್ದು. ಸೊಪ್ಪು ಕಡಿಯೋಕೆ ಹೇಳಿದ್ರು. ನಿಮ್ಗ್ಯಾಕೆ ಸ್ವಾಮಿ?"

"ಬೇಕು ಕಣೋ. ಅವರಿಗೆ ಇನ್ನೊಂದು ಮಾಡ್ಕೊಡು."

"ಕೈ ಅಳತೆ ಬೇರೆ."

"ನಂಗೇನ್ ಹಿಡಿಯೋಕಾ? ಇಡೋಕೆ."

ಅವನು ಎಲ್ಲವನ್ನೂ ಒಂದು ಗೋಣಿಯ ಮೇಲೆ ಇಟ್ಟ. ಸ್ವಲ್ಪ ಮುಖ ಊದಿಸಿಕೊಂಡಿದ್ದ ಹಾಗಿತ್ತು. ಒಂದೇ ಸಲಕ್ಕೆ ಇಷ್ಟು ವ್ಯಾಪಾರವಾದರೆ ಖುಷಿಪಡಬೇಕಪ್ಪ. ಇನ್ನು ಮುರಳಿ ಅಲ್ಲಿ ಬರಿಗೈಯಲ್ಲಿ ತಿದಿ ಒತ್ತುತ್ತಿರಲಿ.

ಮುನಿತಾಯಮ್ಮ ಈಗ ಸಂತೆಗೆ ಬರುವುದಿಲ್ಲವಂತೆ. ಯಾರೋ ಹೇಳಿದರು.

1993 ಜೂನ್ 27

ಮೆಜೆಸ್ಟಿಕ್‌ನಲ್ಲಿ ಫಾರಿನ್ ಚಾಕು. ಒಂದೇ ಹಿಡಿಯಲ್ಲಿ ಕತ್ತರಿ, ಗರಗಸ, ತಿರುಪು, ಹಲ್ಲುಕಡ್ಡಿ ಎಲ್ಲ. ಎರಡು ತಂದೆ. ಒಂದು ಇಡಲು, ಇನ್ನೊಂದು ಮುರಳಿಗೆ ಸಿಗದಿರಲಿ ಎಂದು.

1993 ಜುಲೈ 11

ಇನ್ನೂ ಮೂರು. ಒಂದು ಯಾವುದೆಂದು ಮರೆತೆ, ಕಾಗದ ಬಿಚ್ಚಿಲ್ಲ.

1993 ಡಿಸೆಂಬರ್ 5

ಬೀರುವಿನಲ್ಲಿ ಜಾಗವಿಲ್ಲ. ಅರುಣಾಳ ಸೀರೆಗಳನ್ನು ಟ್ರಂಕಿಗೆ ಹಾಕಲು ಹೇಳಿದೆ. "ನೇಯೋರ್ ಮನೇಲಿ ಸೀರೆಗೆ ಜಾಗ ಇಲ್ಲ" ಎಂದು ಗೊಣಗಿದಳು. ಗೊಣಗುವಾಗಲೂ ಕೈಯಲ್ಲಿ ಅವನದೇ ಚಾಕು. ಮೂರು ವರ್ಷವಾಯಿತು, ಅದರ ಬಾಯಿ ಇನ್ನೂ ಮೊಂಡಾಗಿಲ್ಲ. ಮನೆ ತುಂಬ ನನ್ನ ಚಾಕುಗಳಿರುವಾಗ ಅದೊಂದನ್ನೇ ಯಾಕೆ ಹಿಡಿಯುತ್ತೀಯ ಎಂದು ಕೇಳಿದೆ.

"ನಿಮ್ಮವಕ್ಕೆ ಬೀಗ ಹಾಕಿರ್ತೀರಲ್ರೀ," ಅಂದಳು.

1994 ಅಕ್ಟೋಬರ್ 13, ಆಯುಧಪೂಜೆ

ರಾತ್ರಿ ಬಹಳ ಹೊತ್ತಾಗಿದೆ. ಆದರೂ ಬರೆಯುತ್ತೇನೆ, ಇಲ್ಲದಿದ್ದರೆ ನಿದ್ದೆ ಬರುವುದಿಲ್ಲ.

ಈ ಸಲ ಎರಡು ಟ್ರಂಕು ಒಯ್ದಿದ್ದೆ. ಮುರಳಿ ಎಂದಿನ ಹಾಗೆ ಒಂದೇ. ಆದರೆ ಅದರ ಅಲಗಿನ ಮೇಲೆ ಮಾವನ ಹೆಸರು ಕೊರೆದು ತಂದಿದ್ದ. ಮಾವ ಕನ್ನಡಕ ಹಾಕಿಕೊಂಡು ಓದಿ, ಬಂದವರಿಗೆಲ್ಲ ತೋರಿಸಿದರು. ನನ್ನ ಮೈಯೆಲ್ಲ ಉರಿಯಿತು. ಹೌದು, ಹೊಟ್ಟೆಕಿಚ್ಚೇ. ಬರೆದರೆ ಏನಾಯಿತು, ಓದುವವನು ನಾನೊಬ್ಬನೇ.

ಮಾವನಿಗೆ ವಯಸ್ಸಾಗಿದೆ. ಮಂಗಳಾರತಿ ಎತ್ತುವಾಗ ಕೈ ಅದುರಿ ಕರ್ಪೂರ ಜಾರಿತು, ಅರುಣಾ ತಟ್ಟೆ ಹಿಡಿದುಕೊಂಡಳು. ಪೂಜೆಯಾಯಿತು. ಮಾವ ಗೋಡೆಗೆ ಒರಗಿ ಕೂತು ನನ್ನ ಕಡೆ ತಿರುಗಿದರು.

"ರಾಜೇಂದ್ರಪ್ಪ, ನಾಲ್ಕಾಣೆ ಇದ್ಯೇನಪ್ಪಾ?"

ಮಂಗಳಾರತಿ ತಟ್ಟೆಗಿರಬೇಕು. ಜೇಬಿನಲ್ಲಿ ಆಟೋದವನು ಕೊಟ್ಟ ಚಿಲ್ಲರೆ ಇತ್ತು. ಆದರೆ ಹೊಗಳುವುದು ಅವನನ್ನು, ಕಾಸು ಕೇಳುವುದು ನನ್ನನ್ನು. "ಚಿಲ್ಲರೆ ಇಲ್ಲ ಮಾವ" ಅಂದೆ. ಅವರು ನನ್ನನ್ನೇ ನೋಡಿದರು. ಮತ್ತೆ ಕೇಳಿದರು, "ನೋಡಿ, ಇರ್ಬೋದು." "ಇಲ್ಲ ಅಂದ್ನಲ್ಲ" ಅಂದೆ. ಸ್ವಲ್ಪ ಗಟ್ಟಿಯಾಗಿಯೇ ಅಂದಿರಬೇಕು, ಅತ್ತೆ ಒಳಗಿನಿಂದ ಇಣುಕಿದರು.

ಆಮೇಲೆ ಮಾವ ಮುರಳಿಯನ್ನು ಕೇಳಿದರು. ಅವನು ತಟಕ್ಕನೆ ತೆಗೆದು ಕೊಟ್ಟ. ಮಾವ ನಾಣ್ಯವನ್ನು ದೇವರ ಗೂಡಿನಲ್ಲಿಟ್ಟು, ಕೊಂಬಿನ ಹಿಡಿಯ ಚಾಕುವನ್ನು ತೆಗೆದು ಅವನ ಮುಂದೆ ನೆಲದ ಮೇಲೆ ಇಟ್ಟರು.

ನಾಲ್ಕಾಣೆಗೆ. ನಾನು ಹದಿಮೂರು ವರ್ಷದಿಂದ ಕಾದಿದ್ದನ್ನು ನಾಲ್ಕಾಣೆಗೆ ಕೊಟ್ಟುಬಿಟ್ಟರು. ಮೊದಲೇ ಮಾತಾಡಿಕೊಂಡಿದ್ದಾರೆ. ಹೆಸರು ಕೊರೆದು ತಂದದ್ದು ಸುಮ್ಮನೆಯೇ? ನನ್ನನ್ನು ಕೇಳಿದ್ದು ತಟ್ಟೆಗೆ, ಅವನನ್ನು ಕೇಳಿದ್ದು ಚಾಕುವಿಗೆ. ಟ್ರಂಕುಗಳನ್ನು ಅಲ್ಲೇ ಬಿಟ್ಟು ಎದ್ದು ಬಂದೆ.

1994 ಅಕ್ಟೋಬರ್ 14

ಅರುಣಾ ಏನೋ ಹೇಳಲು ಬಂದಳು. "ಅಪ್ಪ ನಿಮ್ಮನ್ನ" ಎಂದು ಶುರು ಮಾಡಿದಳು. ಆ ಮನೆಯ ಸುದ್ದಿ ಇನ್ನು ಈ ಮನೆಯಲ್ಲಿ ಬೇಡ ಅಂದೆ. ಟ್ರಂಕುಗಳನ್ನು ಯಾರೋ ಕೈಗಾಡಿಯಲ್ಲಿ ಕಳಿಸಿದ್ದಾರೆ. ಒಂದೂ ಕಡಿಮೆಯಿಲ್ಲ. ಒಂದಾದರೂ ಕಡಿಮೆಯಾಗಿದ್ದರೆ ಜಗಳವಾಡಬಹುದಿತ್ತು.

1995 ಏಪ್ರಿಲ್ 9

ಗುಜರಿ ಅಂಗಡಿಯವನಿಗೆ ಹೇಳಿಟ್ಟಿದ್ದೇನೆ, ಚಾಕು ಕತ್ತಿ ಏನು ಬಂದರೂ ಎತ್ತಿಡು ಎಂದು. ಇವತ್ತು ತೂಕ ಹಾಕಿ ಕೊಟ್ಟ. ಅರ್ಧ ಮೂಟೆಯಾಯಿತು. ಮೇಲಿನವು ನಾಲ್ಕೈದನ್ನು ನೋಡಿದೆ. ಕೆಳಗೆ ಏನಿದೆಯೋ.

1995 ಜೂನ್ 18

ಮತ್ತೊಂದು ಮೂಟೆ. ಅಟ್ಟಕ್ಕೆ ಹಾಕಿಸಿದೆ.

1995 ಅಕ್ಟೋಬರ್ 2

ನಾಳೆ ಆಯುಧಪೂಜೆಯಂತೆ. ಅರುಣಾ ಒಬ್ಬಳೇ ಹೋಗುತ್ತಾಳೆ.

1996 ಆಗಸ್ಟ್ 18, ಭಾನುವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಹೊಸದಾಗಿ ಹಾಕಿಸಿದ, ಹೂಬಳ್ಳಿ ನೇಯುವ ಜಕಾರ್ಡ್ ಮಗ್ಗದಲ್ಲಿ ಮೊದಲ ರೇಷ್ಮೆ ಸೀರೆ ಮುಗಿದಿತ್ತು. ಬರುವ ಶುಕ್ರವಾರ ವರಮಹಾಲಕ್ಷ್ಮಿ, ಅಷ್ಟರೊಳಗೆ ಅದು ಚೌಡೇಶ್ವರಮ್ಮನ ಗುಡಿ ಸೇರಬೇಕು. ಅರುಣಾ ನನ್ನನ್ನು ಒಂದು ಮಾತೂ ಕೇಳದೆ ಅವಳ ಅಪ್ಪನಿಗೆ ಹೇಳಿ ಕಳಿಸಿದ್ದಳು. ಮಾವ ಬಂದರು. ಮುರಳಿಯ ಸ್ಕೂಟರಿನ ಹಿಂದೆ ಕೂತು ಬಂದರು. ಎರಡು ವರ್ಷದಲ್ಲಿ ಬಹಳ ಇಳಿದುಹೋಗಿದ್ದಾರೆ. ಲೋಟ ಹಿಡಿದರೆ ಕಾಫಿ ಪಂಚೆಯ ಮೇಲೆ ಚೆಲ್ಲುತ್ತದೆ. ಲೋಟ ಹಿಡಿದುಕೊಳ್ಳಲು ಮುಂದಾದೆ. ಆದರೆ ಹಿಂದೆಯೇ ಅವನು ನಿಂತಿದ್ದನಲ್ಲ, ಮುಖ ಗಂಟು ಹಾಕಿಕೊಂಡೆ.

"ಕುಯ್ರಿ ರಾಜೇಂದ್ರಪ್ಪ, ಒಳ್ಳೇ ಹೊತ್ತಿದೆ" ಅಂದರು ಮಾವ.

ಬೀರು ತೆಗೆದೆ. ಎಲ್ಲರ ಮುಂದೆ, ಅದರಲ್ಲೂ ಅವನ ಮುಂದೆ, ಎಲ್ಲಕ್ಕಿಂತ ದುಬಾರಿಯ ಫಾರಿನ್ ಚಾಕುವನ್ನು ತೆಗೆದೆ. ಕಾಗದ ಬಿಚ್ಚಿದರೆ ಎಣ್ಣೆ ಅಂಟಾಗಿ ಅಲಗೇ ಹೊರಗೆ ಬರಲಿಲ್ಲ. ಉಗುರು ಮುರಿದುಕೊಂಡು ಬಿಡಿಸಿದೆ. ಎಳೆಗಳ ಮೇಲಿಟ್ಟು ಎಳೆದರೆ ಕೊಯ್ಯಲಿಲ್ಲ, ಜಗ್ಗಿತು. ಅಂಚಿನಲ್ಲಿ ನಾಲ್ಕೈದು ಎಳೆ ಸೀರೆಯೊಳಗಿಂದಲೇ ಎದ್ದು ಬಂದವು. "ನಿಲ್ಸಿ, ನಿಲ್ಸಿ" ಅಂದರು ಮಾವ. ಹಿತ್ತಾಳೆ ಹಿಡಿಯದನ್ನು ತೆಗೆದೆ, ಅದಕ್ಕೆ ಬಾಯೇ ಇಟ್ಟಿರಲಿಲ್ಲ, ಬರಿ ತೋರಿಕೆಗೆ ಮಾಡಿದ್ದು. ಬೈರಪ್ಪ ನನ್ನ ಕೈಗೆಂದು ಮಾಡಿದ್ದನ್ನು ಹುಡುಕಿದೆ. ಅದು ಎಲ್ಲೋ ಅಡಿಯಲ್ಲಿತ್ತು. ಸಿಕ್ಕಿತು, ಒರೆಯ ಜೊತೆ ತುಕ್ಕು ಹಿಡಿದು ಒಂದೇ ಆಗಿತ್ತು. ಮುನಿತಾಯಮ್ಮನದು ಎಲ್ಲಿದೆಯೋ ಸಿಗಲಿಲ್ಲ.

ನೆಲದ ಮೇಲೆಲ್ಲ ಚಾಕು. ಮನೆಯವರೆಲ್ಲ ಸುತ್ತ ನಿಂತಿದ್ದಾರೆ. ಒಂದೂ ಕೊಯ್ಯುವುದಿಲ್ಲ.

ಅರುಣಾ ಅಡುಗೆಮನೆಯಿಂದ ತನ್ನ ಚಾಕು ತಂದಳು. "ಬೇಡಮ್ಮ, ಅದು ಈರುಳ್ಳಿ ಮುಟ್ಟಿದ್ದು. ದೇವ್ರ ಸೀರೆ" ಅಂದರು ಮಾವ. ಆಗ ಮುರಳಿ ತನ್ನ ಚೀಲಕ್ಕೆ ಕೈ ಹಾಕಿ, ಸ್ವಲ್ಪ ಹೊತ್ತು ಕೈಯನ್ನು ಒಳಗೇ ಇಟ್ಟುಕೊಂಡಿದ್ದು, ಆಮೇಲೆ ಕೊಂಬಿನ ಹಿಡಿಯ ಚಾಕುವನ್ನು ತೆಗೆದು ಮಗ್ಗದ ಹಲಗೆಯ ಮೇಲೆ ಇಟ್ಟ.

ನನಗೆ ಎಲ್ಲ ಒಟ್ಟಿಗೆ ಉಕ್ಕಿ ಬಂತು. ಮಾವನ ಕಡೆ ತಿರುಗಿ ಹೇಳಿಯೇಬಿಟ್ಟೆ: "ಇದನ್ನ ಅವನಿಗೆ ಕೊಡೋವಾಗ ನನ್ನ ಒಂದ್ ಮಾತು ಕೇಳ್ಬೋದಾಗಿತ್ತು ಮಾವ."

ಮಾವ ತಮಾಷೆ ಮಾಡುತ್ತಿದ್ದೇನೆಯೇ ಎಂದು ನನ್ನ ಮುಖ ನೋಡಿದರು.

"ನಿಮ್ಮನ್ನೇ ಅಲ್ವೇನಪ್ಪಾ ಮೊದ್ಲು ಕೇಳಿದ್ದು? ಎರಡ್ ಸತಿ ಕೇಳ್ದೆ. ಇಲ್ಲ ಅಂದ್ರಿ."

ಪಕ್ಕದ ಮನೆಯ ಮಗ್ಗ ಒಂದೇ ಸಮ ಬಡಿಯುತ್ತಿತ್ತು.

"ಚಾಕೂಗೆ ಅಂತ ಹೇಳಿದ್ರೆ..." ಅಂದೆ.

"ಅದನ್ನ ಹೇಳಿ ಕೇಳೋಕಾಗುತ್ತಾ? ಪೂಜೆ ಆಗಿ, ಚಾಕು ಮುಂದಿಟ್ಕೊಂಡು, ಕೈ ನಡುಗೋ ಮುದುಕ ನಾಲ್ಕಾಣೆ ಕೇಳಿದ್ರೆ ಇನ್ಯಾತಕ್ಕೆ? ಚಾಕು ಬಲ್ಲೋರು ನೀವು, ನಿಮ್ಗೆ ಹೇಳ್ಕೊಡ್ಬೇಕಾ ಅನ್ಕೊಂಡೆ. ಬೇಡ ಅಂತಿದೀರಾ ಅನ್ಕೊಂಡೆ. ಮನಸ್ಸಿಗೆ ಬಹಳ ಬೇಜಾರಾಯ್ತಪ್ಪ."

ಮುರಳಿ ಮೆಲ್ಲಗೆ ಹೇಳಿದ: "ನಾನೂ ತಟ್ಟೆಗೆ ಅನ್ಕೊಂಡೇ ಕೊಟ್ಟಿದ್ದು ಅಣ್ಣಾ."

ನನಗೆ ನೆಲ ನೋಡುವುದಕ್ಕೂ ಆಗಲಿಲ್ಲ, ನೆಲದ ಮೇಲೆಲ್ಲ ನನ್ನ ಚಾಕುಗಳೇ ಇದ್ದವು. ಜೇಬಿಗೆ ಕೈ ಹಾಕಿದೆ. ನಾಲ್ಕಾಣೆ ಸಿಕ್ಕಿತು. ಅದನ್ನು ಮುರಳಿಯ ಮುಂದೆ ಹಲಗೆಯ ಮೇಲೆ ಇಟ್ಟೆ. ಯಾತಕ್ಕೆಂದು ಹೇಳುವ ಅಗತ್ಯವಿರಲಿಲ್ಲ.

ಅವನು ನಾಣ್ಯವನ್ನು ನೋಡಿದ. ನನ್ನ ಕಡೆಗೆ ಮೆಲ್ಲಗೆ ಸರಿಸಿದ.

"ಇಲ್ಲಣ್ಣಾ. ನೀವು ಕುಯ್ಕೊಂಡ್ ಕೊಡಿ. ಯಾವಾಗ ಬೇಕಾದ್ರೂ ತಂದ್ಕೊಡ್ತೀನಿ. ಮಾರಲ್ಲ. ಬೇರೆ ಏನಾದ್ರೂ ಕೇಳಿ."

ಚಾಕು ತೆಗೆದುಕೊಂಡೆ. ಅಲಗಿಗೆ ಹದವಾಗಿ ಎಣ್ಣೆ ಸವರಿತ್ತು, ಸಾಣೆ ಹೊಸದಾಗಿತ್ತು, ಎಲ್ಲೂ ತುಕ್ಕಿನ ಒಂದು ಚುಕ್ಕೆಯೂ ಇರಲಿಲ್ಲ. ಎಳೆಗಳ ಮೇಲಿಟ್ಟು ಒಂದು ಸಲ ಎಳೆದೆ. ಸದ್ದೇ ಬರಲಿಲ್ಲ. ಸೀರೆ ನನ್ನ ತೊಡೆಯ ಮೇಲೆ ಬಂದು ಬಿತ್ತು. ಮಾವ "ಸೈ" ಅಂದರು.

ತಲೆಯೆತ್ತಿದಾಗ ಮುರಳಿಯ ಮುಖ ಕಂಡಿತು. ಅವನು ಸೀರೆಯನ್ನು ನೋಡುತ್ತಿರಲಿಲ್ಲ, ಮಾವನನ್ನೂ ನೋಡುತ್ತಿರಲಿಲ್ಲ. ನನ್ನ ಕೈಯನ್ನೇ ನೋಡುತ್ತಿದ್ದ. ಚಾಕು ಎಲ್ಲಿ ಹೋಗುತ್ತದೋ ಅಲ್ಲಿಗೆ ಅವನ ಕಣ್ಣೂ ಹೋಗುತ್ತಿತ್ತು. ನಾನು ಮಡಚುವುದು ಸ್ವಲ್ಪ ತಡವಾದರೆ ಅವನ ಬೆರಳು ತಾನಾಗಿಯೇ ಅಲುಗಿತು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಹದಿಮೂರು ವರ್ಷ ಮಾವನ ಕೈಯನ್ನು ನಾನು ಹಾಗೇ ನೋಡುತ್ತಿದ್ದೆ. ಬಹುಶಃ ಆರು ವರ್ಷ ಇವನ ಕೈಯನ್ನೂ.

ಮಡಚಿ ಹಲಗೆಯ ಮೇಲಿಟ್ಟೆ. ಅವನು ತಕ್ಷಣ ಎತ್ತಿಕೊಂಡ. ಅಂಗಿಯ ತುದಿಯಿಂದ ನನ್ನ ಬೆರಳ ಗುರುತು ಒರೆಸಿದ. ನನಗೆ ನಗು ಬಂದುಬಿಟ್ಟಿತು. ಯಾಕೆ ನಗುತ್ತಿದ್ದೇನೆಂದು ಅವನಿಗೆ ಗೊತ್ತಾಗಲಿಲ್ಲ, ಆದರೂ ಅವನೂ ನಕ್ಕ. ಅರುಣಾ ಇಬ್ಬರಿಗೂ ಉಪ್ಪಿಟ್ಟು ಕೊಟ್ಟಳು.

1996 ಆಗಸ್ಟ್ 25

ಬೈರಪ್ಪನ ಕುಲುಮೆಗೆ ಹೋದೆ. ಬಹಳ ಕಾಲವಾಗಿತ್ತು. ಒಂದು ಚಾಕು ಬೇಕು, ಮನೆಗೆ, ತರಕಾರಿ ಹೆಚ್ಚಲು ಅಂದೆ. ತಲೆಯೆತ್ತದೆ ಕೇಳಿದ, "ಯಾರ್ ಕೈಗೆ?"

"ನಮ್ಮನೆಯವಳ್ದು. ಎಡಗೈ."

ಆಗ ತಲೆಯೆತ್ತಿದ. ಕೈ ಎಷ್ಟು ದೊಡ್ಡದು ಅಂದ. ನನ್ನ ಅಂಗೈ ತೋರಿಸಿ, ಈ ಬೆರಳಿನ ಬುಡದವರೆಗೆ ಬರಬಹುದು ಅಂದೆ. ಬರಬಹುದು ಎಂದರೆ ಆಗುವುದಿಲ್ಲ, ಹೋಗಿ ಅಳೆದುಕೊಂಡು ಬನ್ನಿ ಎಂದು ಕಳಿಸಿದ. ಮನೆಗೆ ಬಂದು ಕೈ ಕೊಡು ಅಂದರೆ, "ಏನ್ರೀ ಇದು ಹೊಸ ಆಟ" ಎಂದು ಅರುಣಾ ಬಾಗಿಲ ಕಡೆ ನೋಡಿದಳು. ಅಂಗೈ ಚಾಚಿದಳು. ಎಡಗೈ ತೋರುಬೆರಳ ಬದಿಯಲ್ಲಿ ಹಿಡಿ ತಾಗಿ ತಾಗಿ ದಡ್ಡುಗಟ್ಟಿದೆ. ನೂಲಿನ ಎಳೆಯಲ್ಲಿ ಅಳತೆ ತೆಗೆದೆ.

1996 ಸೆಪ್ಟೆಂಬರ್ 22

ಬೈರಪ್ಪ ಹೇಳಿ ಕಳಿಸಿದ. ತಂದು ಕಟ್ಟೆಯ ಮೇಲಿಟ್ಟೆ. ಇಷ್ಟು ವರ್ಷ ಎಷ್ಟೋ ಜನರಿಂದ ಚಾಕು ಕೊಂಡಿದ್ದೇನೆ, ಯಾರಿಗೂ ಒಂದೂ ಕೊಟ್ಟಿರಲಿಲ್ಲ. ಅರುಣಾ ಅರಿಶಿನದ ಡಬ್ಬಿ ತೆಗೆದಳು.

"ಹಿಡೀರಿ. ಆಮೇಲೆ ನಂಗೂ ನಿಮ್ಗೂ ಏನಾದ್ರೂ ಆದ್ರೆ ಕಷ್ಟ."

ಅರಿಶಿನ ಹತ್ತಿದ ನಾಲ್ಕಾಣೆ. ಜೇಬಿಗೆ ಹಾಕಿಕೊಳ್ಳಲು ಮನಸ್ಸಾಗಲಿಲ್ಲ, ಬೀರುವಿನಲ್ಲಿ ಇಟ್ಟಿದ್ದೇನೆ.

1996 ಸೆಪ್ಟೆಂಬರ್ 23

ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋದೆ. ಅರುಣಾ ಹಿತ್ತಲಲ್ಲಿದ್ದಳು. ಗೋಡೆಯ ಮೊಳೆಗಳಲ್ಲಿ ಎರಡು ಚಾಕು ಪಕ್ಕಪಕ್ಕ ನೇತಾಡುತ್ತಿದ್ದವು, ಒಂದು ಮುರಳಿಯದು, ಒಂದು ನನ್ನದು. ಒಲೆಯ ಮೇಲೆ ಹುಳಿ ಕುದಿಯುತ್ತಿತ್ತು. ಹುರುಳಿಕಾಯಿ ಹೆಚ್ಚಿದ್ದು ಯಾವುದರಲ್ಲಿ ಎಂದು ಗೊತ್ತಾಗಬೇಕಿತ್ತು. ನನ್ನದನ್ನು ಮುಟ್ಟಿ ನೋಡಿದೆ. ಒದ್ದೆಯಾಗಿತ್ತು.

ಕುಲುಮೆಯ ಕಬ್ಬಿಣ, ಹಾಗೇ ಬಿಟ್ಟರೆ ತುಕ್ಕು ಹಿಡಿಯುತ್ತದೆ. ಪಂಚೆಯ ತುದಿಯಿಂದ ಒರೆಸಿ ಮತ್ತೆ ನೇತುಹಾಕಿದೆ. ಆಮೇಲೆ ಮುರಳಿಯದನ್ನು ಮುಟ್ಟಿದೆ. ಅದೂ ಒದ್ದೆಯಾಗಿತ್ತು. ಎರಡನ್ನೂ ತೊಳೆದಿಟ್ಟಿದ್ದಾಳೆ. ಹಿತ್ತಲ ಬಾಗಿಲಲ್ಲಿ ಅರುಣಾಳ ಬಳೆ ಸದ್ದಾಯಿತು. ಅದನ್ನೂ ಒರೆಸಿಟ್ಟು ಮಗ್ಗದ ಕಡೆ ಬಂದೆ.